ಅಂಜೂರದ ಕೆಳಗಿನ ಕುರ್ಚಿ

"ನಿಂಗೆ ಇವತ್ತು ಮುಟ್ಟಾ?"

ಅತ್ತೆ ಇಂಕೊರೊನಾತಾ ಹಿತ್ತಲ ಬಾಗಿಲಿಗೆ ಅಡ್ಡ ನಿಂತು, ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು. ದೊರೋತಾ ಅಂಗಿಯ ತೋಳು ಮಡಚಿ, ಏಪ್ರನ್ ಬಿಗಿದು ಕೆಲಸಕ್ಕೆ ಸಿದ್ಧಳಾಗಿ ಬಂದಿದ್ದಳು. ಪೋಲೆಂಡಿನವಳು, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ರೂಢಿ. ಅತ್ತೆಗೆ ತನ್ನ ಮೇಲೆ ಎಷ್ಟು ಅಕ್ಕರೆ ಅಂದುಕೊಂಡು, "ಹೌದತ್ತೆ, ನಿನ್ನೆಯಿಂದ. ನೋವೇನಿಲ್ಲ, ಕೆಲಸ ಮಾಡ್ತೀನಿ" ಎಂದಳು.

ಅತ್ತೆಯ ಮುಖ ಸಣ್ಣದಾಯಿತು. "ಹಂಗಾದ್ರೆ ಅಲ್ಲಿ ಕೂತ್ಕೋ" ಎಂದು ಅಂಜೂರದ ಮರದ ಕೆಳಗಿನ ಕುರ್ಚಿ ತೋರಿಸಿದಳು. "ಮುಟ್ಟಾದವಳ ಕೈ ಸೋಕಿದ್ರೆ ಟೊಮೆಟೊ ರಸ ಕೆಡುತ್ತೆ, ಸೀಸೆ ಸಿಡಿಯುತ್ತೆ. ವರ್ಷಪೂರ್ತಿ ಮನೆಯವರೆಲ್ಲ ಉಣ್ಣೋ ರಸ ಕಣೇ ಇದು."

ಎರಡು ವರ್ಷದ ಹಿಂದೆ ಸವೇರಿಯೋನನ್ನು ಕಟ್ಟಿಕೊಂಡು ಬೊಲೋನ್ಯಾಕ್ಕೆ ಬಂದಾಗಿನಿಂದ ದೊರೋತಾ ಈ ದೇಶವನ್ನು ಕಲಿತದ್ದೇ ತಪ್ಪು ಮಾಡಿ ಮಾಡಿ. ಮಧ್ಯಾಹ್ನದ ಊಟವಾದ ಮೇಲೆ ಹಾಲಿನ ಕಾಫಿ ಕೇಳಿ ಹೋಟೆಲಿನವನ ಹುಬ್ಬು ಹಾರಿಸಿದ್ದಳು. ಮೀನಿನ ಪಾಸ್ತಾದ ಮೇಲೆ ಚೀಸ್ ತುರಿದು ನಾದಿನಿ ಲೊರೆದಾನಾಳಿಂದ ಉಗಿಸಿಕೊಂಡಿದ್ದಳು. ಕೈಯಲ್ಲಿ ಟಿಕೆಟ್ ಇದ್ದೂ, ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸದೆ ರೈಲು ಹತ್ತಿ ದಂಡ ತೆತ್ತಿದ್ದಳು. ಪ್ರತಿ ಸಲವೂ ಜನ ನಕ್ಕಿದ್ದರು, ಅವಳೂ ಜೊತೆಗೆ ನಕ್ಕಿದ್ದಳು. ಆದರೆ ಆಗಸ್ಟಿನ ಈ ದಿನಕ್ಕೆ, ಮನೆಮಂದಿಯೆಲ್ಲ ಕೂಡಿ ಹಿತ್ತಲಲ್ಲಿ ಟೊಮೆಟೊ ಕೊಪ್ಪರಿಗೆ ಏರಿಸುವ ದಿನಕ್ಕೆ, ಅವಳನ್ನು ಈವರೆಗೆ ಯಾರೂ ಕರೆದಿರಲಿಲ್ಲ. ಆ ಕೊಪ್ಪರಿಗೆಯಲ್ಲಿ ಸೌಟು ಆಡಿಸಿದವಳೇ ಮನೆಯವಳು, ಮಿಕ್ಕವರು ನೆಂಟರು. ಈ ಸಲ ಅತ್ತೆಯೇ ಫೋನ್ ಮಾಡಿ "ನೀನೂ ಬಾರೇ" ಅಂದಿದ್ದಳು. ಎರಡು ರೈಲು, ಒಂದು ಬಸ್ಸು ಬದಲಿಸಿ ಪುಲ್ಯಾದ ಈ ಹಳ್ಳಿಗೆ ಓಡಿ ಬಂದದ್ದು ಕೊನೆಗೆ ಈ ಕುರ್ಚಿಗೆ!

ಅದು ಬರೀ ಕುರ್ಚಿಯಲ್ಲ, ಡಂಗುರ. ಬೀದಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಬೇಲಿಯ ಮೇಲಿಂದ ಇಣುಕಿ, ಕುಳಿತವಳನ್ನು ನೋಡಿ, ಓಹೋ ಎಂಬಂತೆ ತಲೆಯಾಡಿಸಿ ಮುಂದೆ ಹೋದ. ದೊರೋತಾಳ ಕಿವಿ ಕಾದವು. ಅಷ್ಟರಲ್ಲಿ ಗಂಡ ಸೌದೆ ಹೊತ್ತು ಬಂದ. ಸೌದೆ ಹೊರುವುದು, ಬೆಂಕಿ ಹೊತ್ತಿಸುವುದು ಗಂಡಸರ ಪಾಲು, ಅಲ್ಲಿಗೆ ಮುಗಿಯಿತು.

"ಸವೇರಿಯೋ, ನೀನು ಕಾಲೇಜಲ್ಲಿ ಕೆಮಿಸ್ಟ್ರಿ ಹೇಳಿಕೊಡೋನು. ನಿಮ್ಮಮ್ಮಂಗೆ ಒಂದು ಮಾತು ಹೇಳು."

"ಒಂದು ದಿನ ತಾನೇ, ಅಡ್ಜಸ್ಟ್ ಮಾಡ್ಕೊಳೇ. ಹಳೇ ಕಾಲದವ್ರು." ಸೌದೆ ಕೆಡವಿ, ನೆರಳು ನೋಡಿಕೊಂಡು ಬಿಯರ್ ತೆರೆದ.

ಲೊರೆದಾನಾ ಕಾಮಕಸ್ತೂರಿ ಎಲೆ ಬಿಡಿಸುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು. "ಅಯ್ಯೋ ಪೆದ್ದಿ, ನಿಜ ಯಾಕೆ ಹೇಳಕ್ಕೆ ಹೋದೆ? ಇಲ್ಲ ಅನ್ಬೇಕು. ನಂಗೆ ಇವತ್ತು ಮೂರನೇ ದಿನ. ಇಲ್ಲ ಅಂದೆ, ಒಳಗೆ ಬಂದೆ. ಅಮ್ಮನೂ ತನ್ನ ಕಾಲದಲ್ಲಿ ಹಂಗೇ ಅಂದಿರ್ತಾಳೆ. ನಾಲ್ಕು ಮಕ್ಕಳು, ಬೆಟ್ಟದಷ್ಟು ಹಣ್ಣು. ನಿಜ ಹೇಳಿ ಕೂತಿದ್ರೆ ತಿರುವೋರ್ಯಾರು?"

"ಸೀಸೆ ಸಿಡೀಲಿಲ್ವಾ?"

"ಯಾವತ್ತೂ ಇಲ್ಲ."

"ಮತ್ತೆ ಯಾಕೆ ಕೇಳ್ತಾರೆ?"

ಲೊರೆದಾನಾ ಇನ್ನೊಂದು ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು. ಸುಳ್ಳಾಡಿದವಳಿಗೆ ಸೌಟು, ನಿಜ ಆಡಿದವಳಿಗೆ ಕುರ್ಚಿ. ಈ ನ್ಯಾಯವನ್ನು ತಲೆತಲಾಂತರದಿಂದ ಹೆಂಗಸರೇ ಹೆಂಗಸರ ಕಿವಿಯಲ್ಲಿ ಊದಿಕೊಂಡು ಬಂದಿದ್ದರು. ಎದ್ದು ಹೋಗಿ ಮೊಣಕೈವರೆಗೂ ಆ ರಸದಲ್ಲಿ ಅದ್ದಿಬಿಡಲೇ ಅನ್ನಿಸಿತು ದೊರೋತಾಳಿಗೆ. ಅದ್ದಿದರೆ ಕೊಪ್ಪರಿಗೆಯಷ್ಟನ್ನೂ ಮಣ್ಣಿಗೆ ಚೆಲ್ಲುತ್ತಾರೆ, ತನ್ನನ್ನು ಇನ್ನೆಂದೂ ಕರೆಯುವುದಿಲ್ಲ. ಕುರ್ಚಿಯ ಅಂಚನ್ನು ಹಿಡಿದು ಕೂತಳು.

ಲೊರೆದಾನಾಳ ಮಗಳು ಮಿರಿಯಾನಾ ಅಲ್ಲೇ ಸೀಸೆ ಒರೆಸುತ್ತಿದ್ದಳು. ಹದಿಮೂರು ವರ್ಷ, ಸೌಟು ಹಿಡಿಯಲು ಇದೇ ಮೊದಲ ಸಲ. ಅಮ್ಮ, ದೊರೋತಾ ಇಬ್ಬರ ಪಿಸುಮಾತೂ ಅವಳ ಕಿವಿಗೆ ಬಿದ್ದಿತ್ತು. ಅಜ್ಜಿ ಬಂದು ಅವಳ ಕಿವಿಗೂ ಬಾಗಿ ಅದೇ ಪ್ರಶ್ನೆ ಕೇಳಿದಳು.

"ಹೌದಜ್ಜಿ, ಮುಟ್ಟು!" ಹುಡುಗಿ ಹಿತ್ತಲಿಗೆಲ್ಲ ಕೇಳುವಂತೆ ಕೂಗಿದಳು.

"ಸುಳ್ಳು ಬೊಗಳ್ಬೇಡ, ಹೋದ ವಾರ ತಾನೇ..." ಎಂದು ಶುರುಮಾಡಿದ ಲೊರೆದಾನಾ ಅರ್ಧಕ್ಕೇ ನುಂಗಿಕೊಂಡಳು. ಮಿರಿಯಾನಾ ಅಡುಗೆಮನೆಯಿಂದ ಇನ್ನೊಂದು ಕುರ್ಚಿ ದರದರ ಎಳೆದು ತಂದು ದೊರೋತಾಳ ಮಗ್ಗುಲಿಗೆ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಳು. ಲೊರೆದಾನಾ ಮಗಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎಲೆಯ ಬುಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡಳು.

"ನಂಗೂ ಮುಟ್ಟಮ್ಮಾ," ಎಂದಳು. ಕುರ್ಚಿ ಸಿಗದೆ ಟೊಮೆಟೊ ಪೆಟ್ಟಿಗೆ ಮಗುಚಿ ಅದರ ಮೇಲೆ ಕೂತಳು.

ಕೊಪ್ಪರಿಗೆಯ ಮುಂದೆ ಉಳಿದವಳು ಮುದುಕಿ ಒಬ್ಬಳೇ. ಆಳೆತ್ತರದ ಮರದ ಸೌಟು, ಎರಡು ಸುತ್ತು ತಿರುವಿದರೇ ಸೋಲುವ ಭುಜ. ಮೂರನೇ ಸುತ್ತು ಅರ್ಧಕ್ಕೆ ನಿಂತಿತು. ಗುಳುಗುಳು ಅನ್ನುತ್ತಿದ್ದ ರಸ ಗಟ್ಟಿಯಾಗಿ ತಳ ಹಿಡಿಯುವ ವಾಸನೆ ಎದ್ದಿತು. ಅವಳು ಅಂಜೂರದ ಕೆಳಗೆ ಸಾಲಾಗಿ ಕೂತ ಮೂವರನ್ನೂ ನೋಡಿದಳು, ಒಬ್ಬೊಬ್ಬರನ್ನೂ ನಿಧಾನವಾಗಿ. ದೊರೋತಾ ಬೈಗುಳಕ್ಕೆ ಮೈ ಬಿಗಿಹಿಡಿದು ಕಾದಳು. ಮುದುಕಿ ಸೆರಗಿನಂತೆ ಹೆಗಲಿಗಿದ್ದ ಬಟ್ಟೆಯಲ್ಲಿ ಬೆವರೊರೆಸಿಕೊಂಡು, ನೆರಳಿನ ಕಡೆ ತಿರುಗಿದಳು.

"ಏನೋ ಸವೇರಿಯೋ, ಬಾಯಿ ಬಿಟ್ಕೊಂಡು ಏನ್ ನೋಡ್ತಾ ಇದೀಯ? ಬಾ, ಸೌಟು ಹಿಡಿ. ನೀನೂ ಮುಟ್ಟಾಗಿದೀಯಾ?"