ಉಪ್ಪು ಮುಟ್ಟಿದವರು

ಹೊಲಗಳೆಲ್ಲ ಬಡಾವಣೆಯಾಗಿ, ಹಳಬರ ಅರ್ಧದಷ್ಟು ಹೊಸಬರು ಬಂದು ಸೇರಿದ ಊರೊಂದರಲ್ಲಿ ಈ ಕಥೆ ಹೇಳುತ್ತಾರೆ. ತಲೆಮಾರುಗಳಿಂದ ಆ ಊರು ಒಂದೇ ಪಕ್ಷಕ್ಕೆ ಮತ ಹಾಕುತ್ತಿತ್ತು. ಪೇಟೆಯಿಂದ ಬಂದು ನೆಲೆಸಿದವರನ್ನು ನಂಬದ ಊರಗೌಡರು, ಚುನಾವಣೆಯ ಮುನ್ನಾದಿನ ಬಡಾವಣೆಯ ಮನೆಮನೆಗೂ ಹೋಗಿ, ಉಪ್ಪು ಮುಟ್ಟಿಸಿ, ತಮ್ಮ ಪಕ್ಷಕ್ಕೇ ಮತ ಹಾಕುವುದಾಗಿ ಭಾಷೆ ತೆಗೆದುಕೊಂಡರು. ಆದರೂ ಆ ಊರಿನ ಮತಗಟ್ಟೆಯಲ್ಲೇ ಪಕ್ಷ ಸೋತಿತು. ಗೌಡರು ಬಡಾವಣೆಗೆ ನೀರು ಬಿಡುವ ವಾಲ್ವಿಗೆ ಬೀಗ ಜಡಿದರು.

ಮರುದಿನ ಅಲ್ಲಿಯ ಬಸುರಿಯೊಬ್ಬಳು ಖಾಲಿ ಕೊಡ ಹಿಡಿದು ಗೌಡರ ಬಾಗಿಲಿಗೆ ಬಂದಳು.

“ಉಪ್ಪಿನಾಣೆ, ನಾವು ಮಾತು ತಪ್ಪಿಲ್ಲ ಗೌಡ್ರೇ.”

“ಹಂಗಾದ್ರೆ ದೆವ್ವ ಬಂದು ಓಟು ಹಾಕಿ ಹೋದ್ವಾ? ಪೇಟೆಯೋರ ನಾಲಿಗೆಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ.”

ಗೌಡರ ಹೆಂಡತಿ ಆಕೆಯ ಮುಖ ನೋಡಲಾರದೆ ಕೊಡವನ್ನು ಇಸಿದುಕೊಂಡು, ಹಿತ್ತಲ ಬಾವಿಯಿಂದ ತಾನೇ ನೀರು ಸೇದಿ ತುಂಬಿಸಿ ಕೊಟ್ಟಳು. ಆಕೆ ತಿರುವು ದಾಟುವವರೆಗೆ ಹೊಸಿಲಲ್ಲೇ ನಿಂತಿದ್ದು, ಒಳಗೆ ಬಂದು ಗಂಡನ ಮುಂದೆ ಕೈಚಾಚಿದಳು.

“ಬೀಗದ ಕೈ ಕೊಡಿ. ನಮ್ಮೋರಿಗೆ ಆಣೆ ಯಾತಕ್ಕೆ ಅಂತ ಹಳೇ ಕೇರಿಯೋರಿಗೆ ನೀವು ಉಪ್ಪು ಮುಟ್ಟಿಸ್ಲಿಲ್ಲ. ನನಗೂ ಮುಟ್ಟಿಸ್ಲಿಲ್ಲ.”