ವಸಡಿಗಿಳಿದ ನೀಲಿ

ಬೆಕ್ಕಿನ ಮರಿಗಳು ಕುಣಿದು ಗೋಜಲಾಗಿಸಿದ್ದ ಮದುವೆಸೀರೆಯ ಹಾಸುನೂಲನ್ನು, ಮಗ್ಗದ ಯಜಮಾನರು "ಕತ್ತರಿಸಿ ಎಸೆ" ಎಂದು ಕತ್ತರಿಯನ್ನೇ ಮುಂದಿಟ್ಟರೂ ಅದನ್ನು ಮುಟ್ಟದೆ, ಎಳೆ ಎಳೆಯಾಗಿ ಬೆರಳಿನಿಂದಲೇ ಬಿಡಿಸಿ, ಮುಹೂರ್ತಕ್ಕೆ ಮುನ್ನ ಸೀರೆ ನೇಯ್ದುಕೊಟ್ಟವರು ತಮಿಳುನಾಡಿನ ಸಿರುಮುಗೈಯಲ್ಲಿ ನಂಜಪ್ಪನ್ ಒಬ್ಬರೇ. ಆಗ ಅವರಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಮೀಸೆ ಬೆಳ್ಳಗಾಗಿದೆ. ಕಥೆ ಮಾತ್ರ ಹೇಳಿದಷ್ಟೂ ಹೊಸದು. ಅಂದು ಬೆಳಿಗ್ಗೆಯೂ ಮಗ್ಗದ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಇಲಕ್ಕಿಯಾಳಿಗೆ ಅದನ್ನು ಹೇಳಿ ಮುಗಿಸಿ, "ಕಾಯೋದು ತಿಳಿದವನಿಗೇ ರೇಷ್ಮೆ ಒಲಿಯೋದು, ಅಮ್ಮಣಿ" ಎಂದು ಲಾಳಿಯನ್ನು ಅವಳ ಕೈಗಿತ್ತರು.

ಲಾಳಿಯ ಕಣ್ಣಿಗೆ ತುಟಿ ಹಚ್ಚಿ, ಉಸಿರೆಳೆದು, ನೂಲಿನ ತುದಿಯನ್ನು ಹೊರತರುವ ಹಳೆಯ ಪದ್ಧತಿಯನ್ನು ಅವರೇ ಅವಳಿಗೆ ಕಲಿಸಿದ್ದರು. ಏಳು ವರ್ಷದ ಹುಡುಗಿಗೆ ಮೇಲಿನ ಮುಂಬಲ್ಲು ಬಿದ್ದ ಮೇಲಂತೂ ಒಂದೇ ಉಸಿರಿಗೆ ನೂಲು ಹಾರಿಬರುತ್ತಿತ್ತು. ಈಗಲೂ ಬಂತು. ಗೆದ್ದ ಸಂತೋಷಕ್ಕೆ ಅವಳು ಬಾಯ್ತುಂಬ ನಕ್ಕಳು. ತಾತನ ನಗು ಅಲ್ಲಿಯೇ ನಿಂತಿತು. ಹಲ್ಲು ಬಿದ್ದ ಜಾಗದಲ್ಲಿ, ವಸಡಿನ ಮೇಲೆ, ಕಡಲೆಕಾಳಿನಷ್ಟು ದಪ್ಪದ ಉಬ್ಬು. ಬಣ್ಣವೋ, ಮಗ್ಗದ ಮೇಲಿದ್ದ ರೇಷ್ಮೆಯದೇ ನೀಲಿ.

"ಅಮ್ಮಣಿ, ನೂಲಿನ ಬಣ್ಣದ ಸಾಯ ನುಂಗಿದೆಯಾ?"

"ಇಲ್ಲ ತಾತಾ. ನೋಯೋದೂ ಇಲ್ಲ. ನಾಲಿಗೆಯಲ್ಲಿ ಒತ್ತಿದ್ರೆ ಮೆತ್ತಗಿದೆ."

ನಂಜಪ್ಪನ್ ತೆಂಗಿನೆಣ್ಣೆಯಲ್ಲಿ ಬಟ್ಟೆ ಅದ್ದಿ ಮೆಲ್ಲನೆ ಉಜ್ಜಿದರು. ನೀಲಿ ಕದಲಲಿಲ್ಲ. ತಮ್ಮ ಸೀರೆಯ ಬಣ್ಣ ಎಷ್ಟು ಒಗೆದರೂ ಬಿಡದೆಂದು ಬೀದಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಆ ಮನುಷ್ಯ, ಇದೊಂದು ಬಣ್ಣ ಬಿಟ್ಟುಹೋಗಲೆಂದು ಚೌಡೇಶ್ವರಿಯನ್ನು ಬೇಡಿಕೊಂಡರು. ಅವರ ಅಣ್ಣನ ಕೆನ್ನೆಯೊಳಗೂ ಮೊದಲು ಇಂಥದೇ ಸಣ್ಣ ಗಂಟು ಕಾಣಿಸಿಕೊಂಡಿತ್ತು. ಮುಂದಿನ ದೀಪಾವಳಿಗೆ ಅಣ್ಣ ಇರಲಿಲ್ಲ. ನೇಯ್ಗೆಯನ್ನು ಅರ್ಧಕ್ಕೇ ಬಿಟ್ಟು, ಮೊಮ್ಮಗಳ ಕೈಹಿಡಿದು ಮೇಟ್ಟುಪಾಳಯದ ಬಸ್ಸು ಹತ್ತಿದರು.

ಹಲ್ಲಿನ ಡಾಕ್ಟರ್ ಪದ್ಮಪ್ರಿಯಾ ಅವರ ಮುಂದೆ ತಮಿಳಿನಲ್ಲಿ ಆರಂಭಿಸಿದ ಮಾತು, ಗಾಬರಿಯಲ್ಲಿ ತಾನಾಗಿಯೇ ಮನೆಯ ಕನ್ನಡಕ್ಕೆ ಹೊರಳಿತು. "ಕತ್ತರಿಸಿ ತೆಗೆದುಬಿಡಿ ಡಾಕ್ಟರಮ್ಮ! ಈಗಲೇ! ಲಾಳಿಗೆ ಬಾಯಿಟ್ಟು ಸಾಯ ಹತ್ತಿತೆಂದು ಎಣ್ಣೆಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ನಮ್ಮಣ್ಣನಿಗೂ ಹೀಗೇ ಶುರುವಾದದ್ದು."

ಡಾಕ್ಟರಮ್ಮನ ಮನೆಮಾತೂ ಕನ್ನಡವೇ. "ನಿಮ್ಮಣ್ಣ ಹೊಗೆಸೊಪ್ಪು ಹಾಕ್ತಿದ್ದರಾ, ಅಯ್ಯಾ?"

"ಮೂರು ಹೊತ್ತೂ."

"ಈ ಮೊಮ್ಮಗಳು?"

ಇಲಕ್ಕಿಯಾ ಕಿಸಕ್ಕನೆ ನಕ್ಕಳು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಬೆರಳ ತುದಿಯಿಂದ ಉಬ್ಬನ್ನು ಹಗುರವಾಗಿ ಒತ್ತಿ, ತಾವೂ ನಕ್ಕರು. "ಇದು ಅದಲ್ಲ, ನಿಮ್ಮ ಸಾಯವೂ ಅಲ್ಲ. ಒಳಗಿಂದ ಹೊಸ ಹಲ್ಲು ಬರ್ತಿದೆ. ಅದರ ನೆತ್ತಿಯ ಮೇಲೆ ನೀರು ತುಂಬಿ ಉಬ್ಬಿದೆ. ಚೂರು ರಕ್ತ ಸೇರಿದ್ದಕ್ಕೆ ನೀಲಿ ಕಾಣ್ತದೆ. ಹಲ್ಲು ಮೇಲೆ ಬಂದಾಗ ತಾನೇ ಒಡೆದುಹೋಗುತ್ತೆ."

"ಹಾಗಾದ್ರೆ ಕತ್ತರಿ?"

"ಕತ್ತರಿ ಬೇಡ, ಸೂಜಿ ಬೇಡ, ನಿಮ್ಮ ಎಣ್ಣೆಬಟ್ಟೆಯೂ ಬೇಡ. ದಿನಾ ಹಲ್ಲುಜ್ಜಲಿ, ಅಷ್ಟೇ. ನೋವು, ಜ್ವರ, ಕೀವು ಕಂಡರೆ ಓಡಿ ಬನ್ನಿ; ಕೆಲವು ವಾರವಾದರೂ ಹಲ್ಲು ಕಾಣದಿದ್ದರೂ ಬನ್ನಿ. ಲಾಳಿಗೆ ಮಾತ್ರ ಇನ್ನು ಬಾಯಿ ಹಚ್ಚಿಸಬೇಡಿ. ನೂಲಿನ ಧೂಳು ಮಗುವಿನ ಎದೆಗೆ ಯಾಕೆ? ಕೊಕ್ಕೆಯಲ್ಲಿ ಎಳೆಯಿರಿ."

"ಏನೂ ಮಾಡದೆ ಸುಮ್ಮನೆ ಕಾಯೋದಾ?" ನಂಜಪ್ಪನ್ ಕುರ್ಚಿಯಿಂದ ಎದ್ದೇಬಿಟ್ಟರು. "ಅದು ನನ್ನಿಂದ ಆಗೋ ಕೆಲಸವಲ್ಲ ತಾಯಿ!"

ಆಗಲೂ ಇಲ್ಲ. ಬೆಳಗಾದರೆ ಮಗ್ಗಕ್ಕೆ ಕೈಮುಗಿಯುವ ಮೊದಲೇ ಟಾರ್ಚು ಹಿಡಿದು "ಬಾಯಿ ತೆಗಿ, ಅಮ್ಮಣಿ" ಎನ್ನುವರು, ಮಧ್ಯಾಹ್ನ ಮತ್ತೊಮ್ಮೆ. ಕೊನೆಗೊಂದು ಬೆಳಿಗ್ಗೆ ಅವರು ಟಾರ್ಚು ಹುಡುಕುತ್ತಿದ್ದಾಗ ಇಲಕ್ಕಿಯಾಳೇ ಬಾಯಲ್ಲಿ ಪೇಸ್ಟಿನ ನೊರೆಯೊಡನೆ ಓಡಿಬಂದು ತುಟಿ ಎತ್ತಿ ತೋರಿಸಿದಳು. ನೀಲಿ ಮಾಯವಾಗಿತ್ತು. ವಸಡನ್ನು ಸೀಳಿಕೊಂಡು ಮೂರು ಪುಟ್ಟ ಮೊನೆಗಳ ಬಿಳಿಯ ಹಲ್ಲೊಂದು ಇಣುಕಿತ್ತು, ಸೀರೆಯ ಗೋಪುರದಂಚನ್ನು ಯಾರೋ ಅಷ್ಟೇ ಅಷ್ಟು ನೇಯ್ದಿಟ್ಟ ಹಾಗೆ. "ಏ ಬನ್ರೋ, ನೋಡ್ರೋ!" ಎಂದು ತಾತ ಬೀದಿಗಿಳಿದು ಕೂಗಿದ ಕೂಗಿಗೆ ಇಡೀ ಸಾಲಿನ ಮಗ್ಗಗಳು ಸದ್ದು ನಿಲ್ಲಿಸಿದವು. ಬಂದವರಿಗೆಲ್ಲ ಕಲ್ಲುಸಕ್ಕರೆ; ಇಲಕ್ಕಿಯಾ ಎಲ್ಲರಿಗೂ ತುಟಿ ಎತ್ತಿ ಎತ್ತಿ ತೋರಿಸಿ ದಣಿದಳು.

ಎಲ್ಲರೂ ಹೋದ ಮೇಲೆ ಅವಳು ಮಗ್ಗದ ಪಕ್ಕದಲ್ಲಿ ತನ್ನ ಜಾಗ ಹಿಡಿದಳು.

"ತಾತಾ, ಆ ಬೆಕ್ಕಿನ ಮರಿ ಕಥೆ ಇನ್ನೊಂದು ಸಲ ಹೇಳು."

"ಮೊನ್ನೆ ತಾನೇ ಹೇಳಿದೆನಲ್ಲ, ಅಮ್ಮಣಿ?"

"ಹೂಂ. ಆದ್ರೆ ಕತ್ತರಿ ಬೇಡ ಅಂದಿದ್ದು ನೀನಾ, ಡಾಕ್ಟರಮ್ಮನಾ ಅಂತ ಮರೆತುಹೋಯ್ತು."