ಜಾಣಮರಿಯ ಕಾಯಿಲೆ

ಬೋಲುನ್ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಡಿಸ್ಕನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದಾಗಲೇ ಯಜಮಾನ ಜಿಯಾನರ ಫೋನು ಮತ್ತೆ ಕೂಗಿತು. ಅದೇ ಸಂದೇಶ: "ಜಾಣಮರಿಯ ಡಿಸ್ಕ್ ಕೈಕೊಡಲಿದೆ. ಕೂಡಲೇ ನಕಲು ತೆಗೆದಿಡಿ."

"ಕಿತ್ತು ಕೈಯಲ್ಲಿ ಹಿಡ್ಕೊಂಡಿದ್ದೀಯ, ಆದ್ರೂ ಅಳ್ತಿದೆಯಲ್ಲೋ," ಎಂದರು ಜಿಯಾನ್.

"ಹಳೇ ಸಂದೇಶ ಯಜಮಾನ್ರೇ. ದಾರೀಲಿ ತಡ ಆಗಿರ್ಬೇಕು."

ಲೆಕ್ಕದ ಮೇಜಿನ ಸುಝೆನ್ ಅಕ್ಕನಿಗೆ ಚಹಾ ನೆತ್ತಿಗೇರಿತು.

ನಮ್ಮ ಗಾಂಗ್‌ಶಾನಿನಲ್ಲಿ ಕಲ್ಲೆಸೆದರೆ ಒಂದು ಸ್ಕ್ರೂ ಕಾರ್ಖಾನೆಗೆ ಬೀಳುತ್ತದೆ. ಜಿಯಾನರದು ಅಂಥದ್ದರಲ್ಲಿ ಒಂದು. ಅಲ್ಲಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು ಬೋಲುನ್. ಯಂತ್ರಗಳು ತಂಟೆ ಮಾಡದಿರಲೆಂದು ತೈವಾನಿನವರೆಲ್ಲ ಅವುಗಳ ತಲೆಯ ಮೇಲೆ ಜಾಣಮರಿ ಎಂಬ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಡುತ್ತಾರೆ. ಜಿಯಾನ್ ಒಂದು ಹೆಜ್ಜೆ ಮುಂದೆ ಹೋಗಿ, ಕಂಪ್ಯೂಟರಿಗೂ ಅದೇ ಹೆಸರಿಟ್ಟಿದ್ದರು. ತಮಗೆ ಪ್ರೀತಿಯಾದುದಕ್ಕೆಲ್ಲ ಅವರು ಇಡುವ ಹೆಸರು ಅದೊಂದೇ.

"ಡಿಸ್ಕ್ ಗುಂಡುಕಲ್ಲಿನ ಥರ ಇದೆ," ಎಂದ ಬೋಲುನ್. ಪರೀಕ್ಷೆಯ ಫಲಿತಾಂಶ ತೋರಿಸಿದ. ಎಲ್ಲ ಹಸಿರು.

"ಹಂಗಾದ್ರೆ ಈ ಎಚ್ಚರಿಕೆ ಯಾರಪ್ಪಂದು? ವರ್ಷದ ಕೊನೇ ಊಟದೊಳಗೆ ಇದು ನಿಲ್ಬೇಕು. ಇಲ್ಲಾಂದ್ರೆ ಕೋಳಿ ತಲೆ ಯಾವ ಕಡೆ ತಿರುಗುತ್ತೆ ಅಂತ ಬಾಯಿಬಿಟ್ಟು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಯಜಮಾನರು ಕೆಲಸಗಾರರಿಗೆ ಹಾಕಿಸುವ ಆ ಊಟಕ್ಕೆ ಇಡೀ ಕೋಳಿ ಬೇಯಿಸಿ ತರುತ್ತಾರೆ. ಅದರ ಕೊಕ್ಕು ಯಾರ ಕುರ್ಚಿಯ ಕಡೆ ನೋಡುತ್ತದೋ ಅವರು ಹೊಸ ವರ್ಷ ಕಳೆದ ಮೇಲೆ ಕೆಲಸಕ್ಕೆ ಬರಬೇಕಾಗಿಲ್ಲ. ಬೋಲುನನ ಹೆಂಡತಿಗೆ ಆಗ ಏಳು ತಿಂಗಳು. ಅವನು ಡಿಸ್ಕನ್ನು ಮತ್ತೆ ಕಂಪ್ಯೂಟರಿನೊಳಗೆ ಕೂರಿಸಿದ.

ಬಾಗಿಲ ಬಳಿ ಜಿಯಾನ್ ತಿರುಗಿ ನಿಂತರು. "ಬೇರೆ ಏನಾದ್ರೂ ಹೇಳೋದಿದೆಯಾ ನಂಗೆ?"

"ಇಲ್ಲ ಯಜಮಾನ್ರೇ."

ಅವರು ರಾಗವೆಳೆಯುತ್ತ ಹೋದರು. ರಾಗವೆಂದರೆ ಅವರಿಗೆ ಪ್ರಾಣ. ಹೋದ ವರ್ಷದ ಊಟದಲ್ಲಿ ಮೈಕು ಹಿಡಿದವರು ಬಿಡಲಿಲ್ಲ. ಮೀನು ತಣ್ಣಗಾಯಿತು, ಕೊನೆಯ ಬಸ್ಸು ಹೋಯಿತು, ಪ್ಯಾಕಿಂಗ್ ವಿಭಾಗದ ಅಜ್ಜಿಯೊಬ್ಬರು ಕುರ್ಚಿಯಲ್ಲೇ ನಿದ್ದೆಹೋದರು. ಈ ಸಲ ತಮ್ಮ ಧಾಟಿಗೆ ಹೊಂದುವಂತೆ ವಾದ್ಯ ಕೂಡಿಸಿ, ಕಾರ್ಖಾನೆಯ ಕರಾವೊಕೆ ಹಾಡಿನ ಪೆಟ್ಟಿಗೆಯಲ್ಲಿ ಎರಡು ಡಜನ್ ಹಾಡು ತುಂಬಿಸಿಟ್ಟಿದ್ದರು.

ಮುಂದಿನ ದಿನಗಳಲ್ಲಿ ಬೋಲುನ್ ಮಾಡದ ಉಪಾಯವಿಲ್ಲ. ವೈರು ಬದಲಿಸಿದ. ಡಿಸ್ಕಿನ ಒಳಗಿನ ತಂತ್ರಾಂಶ ಹೊಸದು ಹಾಕಿದ. ಒಂದು ನಕಲು ಸಾಲದೆಂದು ಮೂರು ನಕಲು ತೆಗೆದ. ಮೇಲಿದ್ದ ಪೊಟ್ಟಣದ ಅವಧಿ ಮುಗಿದಿದೆಯೇನೋ ಎಂದು ಅದನ್ನೂ ಬದಲಿಸಿದ. ಅಂಗಡಿಯವನು ಹಳದಿ ಪೊಟ್ಟಣ ಕಳಿಸಿದ್ದಕ್ಕೆ ಜಿಯಾನ್ ಹೌಹಾರಿದರು. ಹಳದಿ ದೀಪ ಹತ್ತಿಸುವ ಯಂತ್ರ ಯಾರಿಗೆ ಬೇಕು? ಅದನ್ನು ಹಿಂದಿರುಗಿಸಿ ಹಸಿರು ತರಿಸಿದರು. ಫೋನು ಮಾತ್ರ ದಿನವೂ ಕೂಗುತ್ತಲೇ ಇತ್ತು.

ವಿಚಿತ್ರವೆಂದರೆ ಆಫೀಸಿನವರ ಅಕ್ಕರೆ. ಒಂದು ಪೆನ್ನು ಕೇಳಿದರೆ ಮುಖ ಗಂಟಿಕ್ಕುತ್ತಿದ್ದ ಸುಝೆನ್ ಅಕ್ಕ ದಿನಾ ಬಿಸಿಬಿಸಿ ಹಂದಿಮಾಂಸದ ಬನ್ನು ತಂದುಕೊಟ್ಟಳು. ಲಾರಿ ಚಾಲಕರು ಸಬ್ಬಕ್ಕಿ ಮುತ್ತು ಹಾಕಿದ ಚಹಾ ಕೊಡಿಸಿದರು.

"ಅವಸರ ಮಾಡ್ಬೇಡ ಕಣೋ," ಎಂದಳು ಸುಝೆನ್ ಅಕ್ಕ ಬೆನ್ನು ಸವರಿ. "ನಿಧಾನಕ್ಕೆ ನೋಡು. ಚೆನ್ನಾಗಿ ನೋಡು."

"ಕೆಲಸ ಹೋದ್ರೆ ಅಕ್ಕ?"

"ಹೋದ್ರೆ ನಾವೆಲ್ಲ ಸೇರಿ ಸಾಕ್ತೀವಿ. ತಿನ್ನು."

ಜಿಯಾನ್ ದಿನವೂ ಇಣುಕುತ್ತಿದ್ದರು. "ಏನಪ್ಪಾ, ಹೇಳೋದೇನಾದ್ರೂ ಇದೆಯಾ?"

"ನೀವು ತೋರಿಸಿದ ಡಿಸ್ಕ್ ಚೆನ್ನಾಗಿದೆ ಯಜಮಾನ್ರೇ," ಎನ್ನುತ್ತಿದ್ದ ಬೋಲುನ್, ಕಣ್ಣೆತ್ತದೆ.

ಊಟದ ದಿನ ಬೆಳಗ್ಗೆ ಫೋನು ಸುಮ್ಮನಿತ್ತು. ಮಧ್ಯಾಹ್ನವೂ ಸುಮ್ಮನಿತ್ತು.

"ನಿಂತೋಯ್ತು," ಎಂದ ಬೋಲುನ್.

"ನಿಂತೇ ಹೋಯ್ತಾ?" ಜಿಯಾನ್ ಅವನನ್ನೇ ದಿಟ್ಟಿಸಿದರು.

"ಪೂರ್ತಿ ನಿಂತೋಯ್ತು."

ಸಂಜೆ ಊಟದ ಮನೆಯಲ್ಲಿ ಕೋಳಿ ಬಂತು. ಜಿಯಾನ್ ಎದ್ದು ತಟ್ಟೆ ತಿರುಗಿಸಿದರು. ಕೊಕ್ಕು ಸುಝೆನ್ ಅಕ್ಕನನ್ನು ದಾಟಿತು. ಬೋಲುನನ ಮುಂದೆ ಬಂದು ತುಸು ನಿಂತಿತು. ಅವನು ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಂಡ. ಜಿಯಾನ್ ನಕ್ಕು ತಟ್ಟೆಯನ್ನು ಇನ್ನಷ್ಟು ತಿರುಗಿಸಿ ಕೊಕ್ಕನ್ನು ತಮ್ಮ ಕಡೆಗೇ ನಿಲ್ಲಿಸಿಕೊಂಡರು. ಯಾರ ಕೆಲಸಕ್ಕೂ ಕುತ್ತಿಲ್ಲ. ಚಪ್ಪಾಳೆಗೆ ತಗಡಿನ ಚಾವಣಿ ನಡುಗಿತು. ಬೋಲುನನಿಗೆ ಕುಣಿಯಬೇಕೆನ್ನಿಸಿತು.

ಆಮೇಲೆ ಯಜಮಾನರು ವೇದಿಕೆ ಹತ್ತಿ ಹಾಡಿನ ಪೆಟ್ಟಿಗೆಯ ಗುಂಡಿ ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದರು. ಕಪ್ಪು.

"ಏನಾಯ್ತು?" ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಿತ್ತು. ಎಲ್ಲರೂ ತಟ್ಟೆ ನೋಡುತ್ತ ಕೂತರು. ಕೆಲವರ ಭುಜಗಳು ಮಾತ್ರ ಕುಲುಕುತ್ತಿದ್ದವು.

ಆ ಪೆಟ್ಟಿಗೆಯ ಹೆಸರೂ ಜಾಣಮರಿಯೇ. ಸಾಯುತ್ತಿದ್ದ ಡಿಸ್ಕು ಅದರದು; ಅದು ಪೂರ್ತಿ ಸತ್ತ ಮೇಲೆಯೇ ಫೋನಿನ ಕೂಗು ನಿಂತದ್ದು. ಬೋಲುನನಿಗೆ ಇದು ಮೊದಲ ದಿನವೇ ತಿಳಿದಿತ್ತು. ಅವನಿಂದ ಸುಝೆನ್ ಅಕ್ಕನಿಗೆ, ಅವಳಿಂದ ಅದೇ ಮಧ್ಯಾಹ್ನದೊಳಗೆ ಇಡೀ ಕಾರ್ಖಾನೆಗೆ ತಿಳಿಯಿತು. ಬನ್ನು ಹುಟ್ಟಿದ್ದು ಅಲ್ಲಿಂದ.

ಜಿಯಾನ್ ಬೇಸರಪಡಲಿಲ್ಲ. ಜೇಬಿನಿಂದ ಫೋನು ತೆಗೆದರು, ಧ್ವನಿವರ್ಧಕದ ವೈರು ಅದಕ್ಕೆ ಸಿಕ್ಕಿಸಿದರು, ಮೈಕಿನ ಮೇಲೆ ಉಫ್ ಎಂದು ಊದಿದರು.

"ಯಾವ ಜಾಣಮರಿ ಅಂತ ನಂಗೂ ಮೊದಲ ದಿನವೇ ಗೊತ್ತಾಯ್ತು ಬೋಲುನ್, ಆವತ್ತೇ ನಕಲು ತೆಗೆದಿಟ್ಟೆ, ಬಾ ಮೇಲೆ, ಇಪ್ಪತ್ತನಾಲ್ಕೂ ಯುಗಳಗೀತೆ, ಹೆಣ್ಣಿನ ದನಿ ನಿಂದು."